ಗೆದ್ದವರ ಕುಂಚ, ನಮ್ಮ ಗೋಡೆ

ಹಳೆ ಬಂಗಲೆಯನ್ನು ಹೋಟೆಲು ಮಾಡಿಕೊಂಡವರು, ನದಿ ದಂಡೆಯ ರೆಸಾರ್ಟಿನವರು, ಹೊಸ ಮನೆಯ ಹಜಾರಕ್ಕೊಂದು ಘನತೆ ಬರಲೆಂದು ಬಯಸುವವರು, ಇವರೆಲ್ಲ ಬ್ರಿಟಿಷರ ಕಾಲದ ತೈಲಚಿತ್ರಗಳ ನಕಲು ಬರೆಸಿ ಗೋಡೆಗೆ ಹಾಕುವ ರೂಢಿ ಬೆಳೆದಿದೆ. ಗವರ್ನರ್ ಜನರಲ್ ಕಾರ್ನ್‌ವಾಲಿಸನ ಮುಂದೆ ನಿಂತ ಟಿಪ್ಪುವಿನ ಎಳೆಯ ಮಕ್ಕಳು, ಶ್ರೀರಂಗಪಟ್ಟಣದ ಕೋಟೆ ಏರುವ ಕೆಂಪಂಗಿ ದಂಡು, ಟಿಪ್ಪುವಿನ ಶವದ ಮುಂದೆ ನಿಂತ ಜನರಲ್ ಬೇರ್ಡ್, ಬೆಂಗಳೂರು ಪೇಟೆಯ ಬಾಗಿಲಲ್ಲಿ ಪ್ರಾಣ ಬಿಡುವ ಕಂಪನಿ ಅಧಿಕಾರಿ. ಚಿನ್ನದ ಬಣ್ಣದ ಫ್ರೇಮು, ಮೇಲೊಂದು ಸಣ್ಣ ದೀಪ. ಇದೇಕೆ ಎಂದು ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆಯೂ ಒಂದೇ: ಹಳೆಯ ಕಾಲದ ಚಿತ್ರ, ನಮ್ಮದೇ ನೆಲದ ಚರಿತ್ರೆ, ಅದೂ ಕೈಯಲ್ಲಿ ಬರೆದದ್ದು. ಇದರಲ್ಲಿ ತಪ್ಪೇನಿದೆ?

ತಪ್ಪಿದೆ. ಈ ಉತ್ತರದಲ್ಲಿ ಮೂರು ಮಾತುಗಳಿವೆ, ಮೂರೂ ಪರೀಕ್ಷೆಗೆ ನಿಲ್ಲುವುದಿಲ್ಲ. ವಿದ್ಯಾವಂತರು, ಕಲೆಯ ಬಗ್ಗೆ ಪ್ರೀತಿ ಇರುವವರು, ಊರಿನ ಇತಿಹಾಸದ ಬಗ್ಗೆ ಹೆಮ್ಮೆಪಡುವವರೇ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಹಾಗಾಗಿ ಒಂದೊಂದನ್ನೂ ಎತ್ತಿಕೊಂಡು ನೋಡಲೇಬೇಕು.

ಮೊದಲನೆಯದು, ಇವು ಆ ಕಾಲದ ಸಾಕ್ಷಿ ಎಂಬ ಮಾತು. ಕ್ಯಾಮೆರಾ ಇರಲಿಲ್ಲ, ಆದ್ದರಿಂದ ಚಿತ್ರಕಾರ ನೋಡಿದ್ದನ್ನು ಬರೆದಿಟ್ಟ ಎಂದು ನಾವು ನಂಬಿದ್ದೇವೆ. ಟಿಪ್ಪುವಿನ ಶವದ ಮುಂದೆ ಬೇರ್ಡ್ ನಿಂತಿರುವ ಚಿತ್ರವನ್ನೇ ನೋಡಿ. ಇದನ್ನು ಬರೆದವನು ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ. ಟಿಪ್ಪು ಸತ್ತದ್ದು 1799ರ ಮೇ 4ರಂದು. ವಿಲ್ಕಿ ಈ ಚಿತ್ರ ಮುಗಿಸಿದ್ದು 1839ರಲ್ಲಿ, ನಲವತ್ತು ವರ್ಷಗಳ ನಂತರ. ಆತ ಭಾರತದ ನೆಲದ ಮೇಲೆ ಕಾಲಿಟ್ಟವನೇ ಅಲ್ಲ. ಬೇರ್ಡ್ 1829ರಲ್ಲಿ ತೀರಿಕೊಂಡಿದ್ದ. ಗಂಡನ ನೆನಪು ದೊಡ್ಡದಾಗಿ ಉಳಿಯಲೆಂದು ಆತನ ವಿಧವೆ ಲೇಡಿ ಬೇರ್ಡ್ ಹಣ ಕೊಟ್ಟು ಬರೆಸಿದ ಚಿತ್ರವಿದು. ಮೂರು ಮೀಟರಿಗೂ ಮಿಕ್ಕಿದ ಎತ್ತರದ ಆ ಕ್ಯಾನ್ವಾಸ್ ಈಗ ಎಡಿನ್‌ಬರೋದ ರಾಷ್ಟ್ರೀಯ ಸಂಗ್ರಹದಲ್ಲಿದೆ. ಎದುರು ನಿಂತವನು ತಲೆ ಎತ್ತಿ ಬೇರ್ಡನನ್ನು ನೋಡಬೇಕು, ತಲೆ ತಗ್ಗಿಸಿ ಟಿಪ್ಪುವನ್ನು ನೋಡಬೇಕು. ಅದನ್ನು ಬರೆಸಿದ ಉದ್ದೇಶವೇ ಅದು. ಒಂದು ಮನೆತನದ ಸ್ಮಾರಕವನ್ನು ನಾವು ಶ್ರೀರಂಗಪಟ್ಟಣದ ಆ ರಾತ್ರಿಯ ವರದಿ ಎಂದು ಓದುತ್ತಿದ್ದೇವೆ.

ಕೋಟೆ ಏರುವ ದೃಶ್ಯದ ಕಥೆ ಇನ್ನೂ ವಿಚಿತ್ರ. ಅದರ ಮೂಲ ರಾಬರ್ಟ್ ಕರ್ ಪೋರ್ಟರ್ 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ ಭಾರೀ ಪನೋರಮಾ. ಉದ್ದ ಸುಮಾರು 120 ಅಡಿ. ಬರೆದವನಿಗೆ ಆಗ ಇಪ್ಪತ್ತಮೂರರ ಆಸುಪಾಸು. ಆತನೂ ಕಾವೇರಿಯನ್ನು ಕಂಡವನಲ್ಲ. ಯುದ್ಧದ ಸುದ್ದಿ ಇಂಗ್ಲೆಂಡಿನಲ್ಲಿ ಇನ್ನೂ ಬಿಸಿಯಾಗಿತ್ತು. ಜನ ದುಡ್ಡು ಕೊಟ್ಟು ಸಾಲುಗಟ್ಟಿ ನೋಡಿದರು. ಆ ಪನೋರಮಾ ಈಗ ಇಲ್ಲ, ನಾಶವಾಗಿ ಹೋಗಿದೆ. ಉಳಿದಿರುವುದು ಅದನ್ನು ನೋಡಿ ವೆಂಡ್ರಮಿನಿ ಎಂಬಾತ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರಗಳು. ಅಂದಮೇಲೆ ಇಂದು ಯಾರಾದರೂ ಅದರ ತೈಲಚಿತ್ರದ ನಕಲು ಎಂದು ಮಾರಿದರೆ, ಅದು ಇಲ್ಲದ ಮೂಲದ ನಕಲು. ಬಣ್ಣಗಳು ಊಹೆ, ಮುಖಗಳು ಊಹೆ. ಆ ಊಹೆಗೆ ಆಧಾರವಾದ ಮೊದಲ ಚಿತ್ರವೂ ಓದಿ ಕೇಳಿ ಕಟ್ಟಿದ್ದು.

ಟಿಪ್ಪುವಿನ ಮಕ್ಕಳನ್ನು ಒತ್ತೆಯಿಟ್ಟ ಪ್ರಸಂಗದ ಮೇಲೆ ಲಂಡನ್ನಿನಲ್ಲಿ ಚಿತ್ರ ಬರೆದವರಲ್ಲಿ ಮ್ಯಾಥರ್ ಬ್ರೌನ್ ಒಬ್ಬ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈತನೂ ಇಲ್ಲಿಗೆ ಬಂದವನಲ್ಲ. ಆದರೂ ಮಕ್ಕಳು ಜನಾನಾದಿಂದ ಹೊರಡುವ ಗಳಿಗೆಯನ್ನು ಬರೆದ! ಅಂತಃಪುರದೊಳಗೆ ತಾಯಂದಿರು ಹೇಗೆ ಅತ್ತರು ಎಂಬುದನ್ನು ಯಾವ ಯುರೋಪಿಯನ್ ನೋಡಲು ಸಾಧ್ಯವಿತ್ತು? ಆ ಕಣ್ಣೀರು ಲಂಡನ್ನಿನ ಸ್ಟುಡಿಯೋದಲ್ಲಿ ಹುಟ್ಟಿದ್ದು, ಲಂಡನ್ನಿನ ಗ್ರಾಹಕರ ಎದೆ ಕರಗಿಸಲು.

ನಿಜ, ಬಂದು ಕಂಡವನೂ ಒಬ್ಬನಿದ್ದ. ರಾಬರ್ಟ್ ಹೋಮ್ 1791-92ರಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ಮೈಸೂರು ಸೀಮೆಯಲ್ಲಿ ತಿರುಗಿದ, ಬೆಟ್ಟ ಕೋಟೆಗಳ ನೋಟಗಳನ್ನು ಬರೆದುಕೊಂಡ, 1794ರಲ್ಲಿ ಪುಸ್ತಕವಾಗಿ ತಂದ. ರಾಜಕುಮಾರರನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ತನ್ನ ದೊಡ್ಡ ಚಿತ್ರದಲ್ಲಿ, ಚಿತ್ರದ ಕಡತ ಹಿಡಿದು ನಿಂತ ತನ್ನನ್ನೂ ಅಂಚಿನಲ್ಲಿ ಬರೆದುಕೊಂಡ. ನಾನಿದ್ದೆ, ನಾನು ಕಂಡೆ ಎಂಬ ಸಾಕ್ಷಿಯ ರುಜು ಅದು. ಆದರೆ ಕಂಡವನ ಕಣ್ಣಿಗೂ ಒಂದು ಅಭ್ಯಾಸವಿರುತ್ತದೆ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತದ್ದನ್ನು ಹೋಮ್ ಬರೆದಿದ್ದಾನೆ. ಸಾಯುತ್ತಿರುವ ಅಧಿಕಾರಿ, ಸುತ್ತ ಬಾಗಿ ಆತನನ್ನು ಹಿಡಿದ ಸಂಗಾತಿಗಳು, ಹಿಂದೆ ಹೊಗೆ. ಈ ಜೋಡಣೆ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. ಕೆನಡಾದ ಕ್ವಿಬೆಕ್ಕಿನಲ್ಲಿ ಸತ್ತ ಜನರಲ್ ವೂಲ್ಫನನ್ನು ಕುರಿತು ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಚಿತ್ರ ಆ ತಲೆಮಾರಿನ ಯುದ್ಧಚಿತ್ರಗಳಿಗೆಲ್ಲ ಅಚ್ಚಾಗಿ ಹೋಗಿತ್ತು. ವೆಸ್ಟ್ ಅದರಲ್ಲಿ ಬರೆದ ಹಲವರು ವೂಲ್ಫ್ ಸಾಯುವಾಗ ಅಲ್ಲಿರಲೇ ಇಲ್ಲ. ಹೀಗೆ ಒಬ್ಬ ಇಂಗ್ಲಿಷ್ ಅಧಿಕಾರಿ ಹೇಗೆ ಸಾಯಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಬೆಂಗಳೂರು ಪೇಟೆಯ ಬೀದಿಗಳಲ್ಲಿ ಆ ದಿನ ನೂರಾರು ಮೈಸೂರಿಗರು ಸತ್ತರು. ಅವರ ಸಾವಿಗೆ ಅಂಥ ಅಚ್ಚು ಇರಲಿಲ್ಲ, ಅಂಥ ಚಿತ್ರವೂ ಬರಲಿಲ್ಲ.

ಎರಡನೆಯ ಮಾತು: ಇದು ನಮ್ಮದೇ ನೆಲದ ಚರಿತ್ರೆ. ನೆಲ ನಮ್ಮದು, ಒಪ್ಪಿದೆ. ಚರಿತ್ರೆ ಯಾರದು?

ಬೇರ್ಡನ ಬದುಕನ್ನೇ ಹಿಡಿದು ಇದನ್ನು ನೋಡಬಹುದು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ದಂಡನ್ನು ಸುತ್ತುವರಿದು ಧೂಳೀಪಟ ಮಾಡಿದರು. ಅಂದು ಗಾಯಗೊಂಡು ಸೆರೆಸಿಕ್ಕವರಲ್ಲಿ ಕ್ಯಾಪ್ಟನ್ ಡೇವಿಡ್ ಬೇರ್ಡ್ ಒಬ್ಬ. 1784ರವರೆಗೆ ಆತ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಅದೇ ಊರಿನ ಕೋಟೆಯ ಮೇಲೆ 1799ರಲ್ಲಿ ದಾಳಿ ನಡೆಸಿದ ದಂಡಿನ ಮುಂದಾಳೂ ಅವನೇ. ವಿಲ್ಕಿ ತನ್ನ ಚಿತ್ರದಲ್ಲಿ ಬೇರ್ಡನ ಕಾಲ ಬಳಿ ನೆಲಮಾಳಿಗೆಯ ಕಬ್ಬಿಣದ ಜಾಲರಿಯೊಂದನ್ನು ಬರೆದಿದ್ದಾನೆ. ಅದು ಆ ಸೆರೆವಾಸದ ಗುರುತು. ಒಬ್ಬ ಸ್ಕಾಟಿಷ್ ಸೈನಿಕನ ಸೆರೆ, ಆತನ ಸೇಡು, ಆತನ ಔದಾರ್ಯ: ಚಿತ್ರದ ಕಥೆ ಇಷ್ಟೇ. ಟಿಪ್ಪು ಅದರಲ್ಲಿ ಆ ಕಥೆಯ ಕೊನೆಗೆ ಬೇಕಾದ ಹೆಣ. ಗಾಯಗೊಂಡು ಬಾಗಿಲಲ್ಲೇ ಬಿದ್ದಿದ್ದ ರಾಜಾ ಖಾನ್ ಎಂಬ ಸೇವಕ ಒಡೆಯ ಬಿದ್ದ ಜಾಗ ತೋರಿಸಿದನೆಂದು ದಾಖಲೆಗಳು ಹೇಳುತ್ತವೆ. ಆ ರಾತ್ರಿಯ ಕಥೆಯನ್ನು ರಾಜಾ ಖಾನನಿಂದ ಆರಂಭಿಸುವ ಚಿತ್ರವನ್ನು ಯಾರೂ ಬರೆಸಲಿಲ್ಲ. ಅದೇ ರಾತ್ರಿ ಗೆದ್ದ ಸೈನ್ಯ ಊರನ್ನು ಸೂರೆ ಮಾಡಿತು. ಮನೆಮನೆಗೆ ನುಗ್ಗಿದ ಆ ಸೂರೆಗೆ ಚಿನ್ನದ ಫ್ರೇಮಿನ ತೈಲಚಿತ್ರ ಎಲ್ಲಿದೆ?

ಒತ್ತೆಯಾಳು ಮಕ್ಕಳ ಚಿತ್ರಗಳಂತೂ ಇನ್ನೂ ನಯವಾಗಿ ಕೆಲಸ ಮಾಡುತ್ತವೆ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಆ ಹಣಕ್ಕೆ ಜಾಮೀನಾಗಿ ಹತ್ತರ ಆಸುಪಾಸಿನ ಇಬ್ಬರು ಮಕ್ಕಳನ್ನು ಕಂಪನಿ ಕರೆದೊಯ್ದು ಮದರಾಸಿನಲ್ಲಿ ಇಟ್ಟುಕೊಂಡಿತು. ಅವರು ಮರಳಿದ್ದು 1794ರಲ್ಲಿ. ಸಾಲ ತೀರುವವರೆಗೆ ಮಕ್ಕಳನ್ನು ಹಿಡಿದಿಟ್ಟುಕೊಂಡ ವ್ಯವಹಾರ ಇದು. ಚಿತ್ರದಲ್ಲಿ ಕಾಣುವುದು ಏನು? ಅಕ್ಕರೆಯಿಂದ ಬಾಗಿ ಕೈಚಾಚಿದ ತಂದೆಯಂಥ ಕಾರ್ನ್‌ವಾಲಿಸ್. ಹತ್ತೇ ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಈತನ ಸೈನ್ಯ ಶರಣಾಗಿತ್ತು. ಆ ಸೋಲಿನ ಕಲೆ ತೊಳೆಯುವ ಚಿತ್ರ ಇಂಗ್ಲೆಂಡಿಗೆ ಬೇಕಿತ್ತು, ಚಿತ್ರಕಾರರು ಒದಗಿಸಿದರು. ಇದನ್ನು ನಮ್ಮ ಹಜಾರದಲ್ಲಿ ತೂಗುಹಾಕಿ, ಬಂದ ಮಕ್ಕಳಿಗೆ “ನೋಡು, ನಮ್ಮ ಚರಿತ್ರೆ” ಎಂದು ತೋರಿಸಿದರೆ ಮಗು ಕಲಿಯುವುದು ಇಷ್ಟೇ: ಕೊಂಡೊಯ್ದವನು ದಯಾಳು.

ಇಲ್ಲಿ ಕೆಲವರು ಕೇಳುವ ಪ್ರಶ್ನೆ ನನಗೆ ಗೊತ್ತು. ಟಿಪ್ಪುವನ್ನು ನೀವು ಹೊಗಳುತ್ತಿದ್ದೀರಾ? ಅವನಿಂದ ಕೊಡಗಿನವರಿಗಾದ ನೋವು, ಮೇಲುಕೋಟೆಯವರಿಗಾದ ನೋವು ನಿಮಗೆ ಕಾಣುವುದಿಲ್ಲವೇ? ಕಾಣುತ್ತದೆ. ಆ ನೋವು ಚರಿತ್ರೆಯ ಭಾಗ, ಅದನ್ನು ಹೇಳುವ ಹಕ್ಕು ಅವರಿಗಿದೆ. ಆದರೆ ಈ ಚಿತ್ರಗಳಲ್ಲಿ ಆ ನೋವಿಗೂ ಜಾಗವಿಲ್ಲ. ಕೊಡವರ ಒಂದು ಮುಖವೂ ವಿಲ್ಕಿಯ ಚಿತ್ರದಲ್ಲಿಲ್ಲ. ಟಿಪ್ಪುವನ್ನು ಮೆಚ್ಚುವವರನ್ನೂ ಮೆಚ್ಚದವರನ್ನೂ ಅದು ಒಂದೇ ರೀತಿ ಹೊರಗಿಟ್ಟಿದೆ. ಟಿಪ್ಪು ಬಗ್ಗೆ ನಮ್ಮ ನಮ್ಮೊಳಗಿನ ಜಗಳವನ್ನು ನಾವೇ ಆಡಬೇಕು. ಅದರ ತೀರ್ಪನ್ನು ಲೇಡಿ ಬೇರ್ಡಳ ಕೈಗೆ ಕೊಡುವುದು ಯಾರಿಗೂ ಶೋಭೆಯಲ್ಲ.

ಇನ್ನು ಮೂರನೆಯ ಮಾತು, ಕೈಯಲ್ಲಿ ಬರೆದದ್ದು ಎಂಬುದು. ಇದು ಎಲ್ಲಕ್ಕಿಂತ ಸಾಧುವಾಗಿ ಕೇಳಿಸುತ್ತದೆ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಅಚ್ಚಿನ ಪೋಸ್ಟರ್ ಅಗ್ಗ, ಕೈಯಲ್ಲಿ ಬರೆದ ಕ್ಯಾನ್ವಾಸಿಗೆ ಜೀವವಿದೆ, ಮೂಲದ ಸತ್ವವಿದೆ ಎಂಬ ನಂಬಿಕೆ ಇದರ ಹಿಂದಿದೆ. ಕೆಲಸ ನಡೆಯುವ ಬಗೆ ಬೇರೆ. ಗಿರಾಕಿ ಅಳತೆ ಹೇಳುತ್ತಾನೆ. ನಕಲುಗಾರನ ಎದುರು ಇರುವುದು ಮೂಲ ಚಿತ್ರವಲ್ಲ, ಅದರ ಫೋಟೋ. ಎಷ್ಟೋ ಸಲ ಅಚ್ಚಿನ ಚಿತ್ರದ ಫೋಟೋ. ಪ್ರೊಜೆಕ್ಟರಿನಿಂದ ರೇಖೆ ಬಿಡಿಸಿಯೋ, ಕ್ಯಾನ್ವಾಸಿನ ಮೇಲೆ ಮೊದಲೇ ಪ್ರಿಂಟ್ ಹಾಕಿಯೋ ಬಣ್ಣ ಹಚ್ಚುತ್ತಾರೆ. ಹಳೆಯದರಂತೆ ಕಾಣಲೆಂದು ಹಳದಿ ವಾರ್ನಿಷ್ ಬಳಿಯುತ್ತಾರೆ. ಗೋಡೆ ಚಿಕ್ಕದಾದರೆ ಅಂಚು ಹೋಗುತ್ತದೆ. ಹೋಮ್‌ನ ಚಿತ್ರದ ಅಂಚು ಹೋದರೆ ಅದರೊಡನೆ ಹೋಗುವವನು ಕಡತ ಹಿಡಿದು ನಿಂತ ಹೋಮ್, ಅಂದರೆ ಇದನ್ನು ಯಾರೋ ಬರೆದರು ಎಂದು ಹೇಳುವ ಏಕೈಕ ಸಾಕ್ಷಿ.

ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಆ ಕಾಲದ ಅಚ್ಚಿನ ಚಿತ್ರಗಳ ಕೆಳಗೆ ಬರಹ ಇರುತ್ತಿತ್ತು: ಪ್ರಸಂಗದ ಹೆಸರು, ಬರೆದವನ ಹೆಸರು, ತಗಡು ಕೊರೆದವನ ಹೆಸರು, ಪ್ರಕಟಿಸಿದವನ ವಿಳಾಸ, ತಾರೀಖು, ಯಾವ ದೊರೆಗೆ ಅರ್ಪಣೆ ಎಂಬುದು. ಲಂಡನ್ನಿನ ಯಾವ ಬೀದಿಯಲ್ಲಿ, ಯಾರ ಕೃಪೆಗಾಗಿ, ಯಾವಾಗ ಮಾರಾಟಕ್ಕೆ ಬಂತು ಎಂದು ಆ ಕಾಗದವೇ ಹೇಳುತ್ತಿತ್ತು. ಅದು ಸರಕು ಎಂಬುದನ್ನು ಅದು ಮುಚ್ಚಿಟ್ಟಿರಲಿಲ್ಲ. ತೈಲವರ್ಣದ ನಕಲು ಬರೆಯುವಾಗ ಬಿಟ್ಟುಬಿಡುವುದು ಈ ಅಕ್ಷರಗಳನ್ನೇ. ಗೋಡೆಯ ಮೇಲೆ ಉಳಿಯುವುದು ತಾರೀಖಿಲ್ಲದ, ಕರ್ತೃವಿಲ್ಲದ, ಯಾರ ಪರವೂ ಅಲ್ಲವೆಂಬಂತೆ ನಿಂತ ಒಂದು ದೃಶ್ಯ. ಕೈಕೆಲಸದ ಗೌರವ ಸೇರಿಕೊಂಡು ಅದರ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ವಸಾಹತು ಕಾಲದ ಪ್ರಚಾರವನ್ನು ಆ ಕಾಲದವರಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿ ಮಾಡುತ್ತಿರುವವರು ನಾವು.

ಹೆಸರು ಕಳೆದುಕೊಂಡ ಚಿತ್ರಕ್ಕೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನದೇ ಉದಾಹರಣೆ ಇದೆ. ಐರಿಷ್ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಮೂವರು ಸ್ತ್ರೀಯರ ತೈಲಚಿತ್ರ ಬರೆದ. ಮೈತುಂಬ ಒಡವೆ, ಘನವಾದ ಭಂಗಿ, ಒಬ್ಬಾಕೆ ಸೆರಗಿನ ಕೆಳಗಿನ ತೋಳಿನತ್ತ ಕೈ ತೋರಿಸುತ್ತಾಳೆ. ವಿವರ ಕಳೆದುಹೋದ ಮೇಲೆ ಬಹುಕಾಲ ಇವರನ್ನು ನರ್ತಕಿಯರು, ವೇಶ್ಯೆಯರು ಎಂದೇ ಭಾವಿಸಲಾಗಿತ್ತು. ಇವರು ಮೈಸೂರಿನ ಅರಮನೆಯವರು, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರೂ ಅರಮನೆಯ ಹಿರಿಯಾಕೆಯೂ ಇರಬೇಕು, ತೋಳು ತೋರಿಸುತ್ತಿರುವುದು ಆಗ ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆಯ ಗುರುತು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ ಮೇಲೆಯೇ ಆ ಚಿತ್ರವನ್ನು ಜನ ಬೇರೆ ಕಣ್ಣಿನಿಂದ ನೋಡತೊಡಗಿದರು. ಆ ವಾದ ಸರಿಯಾದರೆ, ಅಡಿಯಲ್ಲಿ ಎರಡು ಸಾಲು ಇಲ್ಲದ್ದಕ್ಕೆ, ಪ್ರಜೆಗಳಿಗೆ ಧೈರ್ಯ ಹೇಳಲು ಮುಂದೆ ಬಂದ ರಾಣಿಯರು ನರ್ತಕಿಯರಾಗಿ ಕಾಲ ಕಳೆದರು. ಇಂದು ಬರೆಸುತ್ತಿರುವ ಹೆಸರಿಲ್ಲದ ನಕಲುಗಳು ಇನ್ನು ಐವತ್ತು ವರ್ಷದಲ್ಲಿ ಏನು ಹೇಳುತ್ತವೆ ಎಂದು ಯೋಚಿಸಿ.

“ಹಾಗಾದರೆ ದರಿಯಾ ದೌಲತ್ತಿನ ಗೋಡೆಚಿತ್ರ? ಅದೂ ಗೆದ್ದವರ ಪ್ರಚಾರವೇ ಅಲ್ಲವೇ?” ಇದು ನನ್ನ ವಾದಕ್ಕೆ ಎದುರಾಗಿ ಬರುವ ಗಟ್ಟಿಯಾದ ಆಕ್ಷೇಪ. ಖಂಡಿತ ಪ್ರಚಾರವೇ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ಟಿಪ್ಪುವಿನ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರಿನ ಗೆಲುವು ಹರಡಿಕೊಂಡಿದೆ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ, ಆತನ ಸುತ್ತ ಚೌಕವಾಗಿ ನಿಂತ ಕೆಂಪಂಗಿಗಳು, ಸಿಡಿಯುತ್ತಿರುವ ಮದ್ದಿನ ಗಾಡಿ, ಅದೇ ಹೊತ್ತಿಗೆ ನಿಶ್ಚಿಂತೆಯಿಂದ ಗುಲಾಬಿ ಮೂಸುತ್ತಿರುವ ಟಿಪ್ಪು. ಯಾವ ಯುದ್ಧದಲ್ಲೂ ದೊರೆ ಹೂವು ಮೂಸುತ್ತ ಕೂರುವುದಿಲ್ಲ. ಇದಲ್ಲದೆ ಇಂದು ನಾವು ನೋಡುವುದು ಮೊದಲು ಬರೆದ ಬಣ್ಣವೂ ಅಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಹಾಳಾದ ಚಿತ್ರವನ್ನು ಸರಿಮಾಡಿಸಿದ. ಮತ್ತೆ ಸುಣ್ಣ ಬಿದ್ದು ಮರೆಯಾದದ್ದನ್ನು 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ದೇಶೀ ಕಲಾವಿದನೊಬ್ಬನಿಂದ ಮರಳಿ ಬರೆಸಿದ. ಹಾಗೆ ನೋಡಿದರೆ ಅದೂ ಕೈಯಲ್ಲಿ ಬರೆದ ನಕಲೇ.

ಈ ಆಕ್ಷೇಪದಿಂದ ನನ್ನ ವಾದ ಇನ್ನಷ್ಟು ಬಲಗೊಳ್ಳುತ್ತದೆ. ದರಿಯಾ ದೌಲತ್ತಿನ ಚಿತ್ರ ತಾನು ಹುಟ್ಟಿದ ಗೋಡೆಯಲ್ಲೇ ಇದೆ. ಬರೆಸಿದವರು ಯಾರು, ಮತ್ತೆ ಬರೆಸಿದವರು ಯಾರು, ಯಾಕೆ ಎಂಬ ಕಥೆ ಅದರ ಜೊತೆಗೇ ಬರುತ್ತದೆ. ನೋಡಿದವನು ಅದನ್ನು ಟಿಪ್ಪುವಿನ ಮಾತು ಎಂದು ತಿಳಿದೇ ನೋಡುತ್ತಾನೆ. ವಿಲ್ಕಿಯ ಚಿತ್ರದ ನಕಲನ್ನು ಹಾಗೆ ಬೇರ್ಡ್ ಮನೆತನದ ಮಾತು ಎಂದು ತಿಳಿದು ನೋಡುವವರು ಎಷ್ಟು ಮಂದಿ? ಪ್ರಚಾರ ಚಿತ್ರ ತೂಗುಹಾಕುವುದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಪ್ರಚಾರವನ್ನು ಪ್ರಚಾರವೆಂದು ಹೇಳದೆ ತೂಗುಹಾಕುವುದು ಅಪರಾಧ.

ನಕಲು ಬರೆಯುವ ಕಲಾವಿದರ ಅನ್ನಕ್ಕೆ ಕಲ್ಲು ಹಾಕಬೇಡಿ ಎನ್ನುವವರಿಗೂ ಒಂದು ಮಾತು. ನಕಲು ಮಾಡುವುದು ಹೀನ ಕೆಲಸವಲ್ಲ. ಗುರುವಿನ ರೇಖೆಯ ಮೇಲೆ ಕೈ ಆಡಿಸಿಯೇ ಮೈಸೂರು ಶೈಲಿಯ ಚಿತ್ರಗಾರರು ತಲೆಮಾರುಗಳಿಂದ ಕಲಿತಿದ್ದಾರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ನಕಲುಗಾರರಿಗೆ ಇಂದಿಗೂ ಬಾಗಿಲು ತೆರೆದಿಟ್ಟಿದೆ, ಆದರೆ ಕಟ್ಟಳೆಯೊಡನೆ: ಮೂಲದಷ್ಟೇ ಅಳತೆಯಲ್ಲಿ ಬರೆಯುವಂತಿಲ್ಲ, ಮೂಲ ಕಲಾವಿದನ ಸಹಿ ಹಾಕುವಂತಿಲ್ಲ, ಕ್ಯಾನ್ವಾಸಿನ ಮೇಲೆ ಮ್ಯೂಸಿಯಂನ ಮುದ್ರೆ ಬೀಳಬೇಕು. ನಕಲು ತಾನು ನಕಲೆಂದು ಹೇಳಿಕೊಂಡರೆ ಅದಕ್ಕೆ ಮರ್ಯಾದೆ ಇದೆ, ಬರೆದವನಿಗೂ ಇದೆ. ನಮ್ಮಲ್ಲಿ ಆ ಕಲಾವಿದನ ಹೆಸರನ್ನೂ ಅಳಿಸುತ್ತೇವೆ. ಮೂಲ ಬರೆದವನೂ ಇಲ್ಲ, ನಕಲು ಬರೆದವನೂ ಇಲ್ಲ. ಕಲಾವಿದರ ಮೇಲಿನ ಕಾಳಜಿಯಿಂದ ಇದನ್ನು ಸಮರ್ಥಿಸುವವರು ಮೊದಲು ಅವರ ಸಹಿಗೆ ಜಾಗ ಕೊಡಲಿ.

ಆದ್ದರಿಂದ ನನ್ನ ಬೇಡಿಕೆ ಚಿತ್ರಗಳನ್ನು ಕಿತ್ತು ಬಿಸಾಡಿ ಎಂಬುದಲ್ಲ. ಹಾಗೆ ಮಾಡಿದರೆ ಅವುಗಳನ್ನು ಓದುವ ಅವಕಾಶವೂ ಹೋಗುತ್ತದೆ. ಬೇರ್ಡನ ಚಿತ್ರ ಹಾಕಿದ್ದರೆ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ: ಯಾರು ಬರೆದದ್ದು, ಎಷ್ಟು ವರ್ಷದ ನಂತರ, ಯಾರು ದುಡ್ಡು ಕೊಟ್ಟರು, ಈ ನಕಲು ಬರೆದವರು ಯಾರು. ಸರ್ಕಾರಿ ಅತಿಥಿಗೃಹಗಳಲ್ಲಿ, ಪ್ರವಾಸಿ ತಾಣಗಳಲ್ಲಿ ಇಂಥ ಫಲಕ ಕಡ್ಡಾಯವಾಗಲಿ. ಅದರ ಎದುರು ಗೋಡೆಯಲ್ಲಿ ದರಿಯಾ ದೌಲತ್ತಿನ ಪೊಲ್ಲಿಲೂರನ್ನು ಬರೆಸಿ. ಸೆರೆಸಿಕ್ಕ ಬೇರ್ಡನ ಕಾಲವೂ ಗೆದ್ದ ಬೇರ್ಡನ ಕಾಲವೂ ಎದುರುಬದುರಾದಾಗ ನೋಡುವವನಿಗೆ ಎರಡೂ ಕಡೆಯವರ ಸುಳ್ಳು ತಾನಾಗಿ ತಿಳಿಯುತ್ತದೆ. ಹೊಸ ಚಿತ್ರವನ್ನೇ ಬರೆಸುವ ಶಕ್ತಿ ಇದ್ದವರು ರಾಜಾ ಖಾನನನ್ನು ಬರೆಸಿ, ಸೂರೆಯಾದ ಬೀದಿಯನ್ನು ಬರೆಸಿ, ಮದರಾಸಿನಲ್ಲಿ ಎರಡು ವರ್ಷ ಕಳೆದ ಆ ಇಬ್ಬರು ಹುಡುಗರನ್ನು ಬರೆಸಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಹೊರಬಂದವರಲ್ಲಿ ಇದನ್ನು ಬರೆಯಬಲ್ಲ ಕೈಗಳಿವೆ.

ಇನ್ನೂರು ವರ್ಷ ಹಿಂದೆ ಲಂಡನ್ನಿನವರು ತಮ್ಮ ಗೋಡೆಗೆ ತಮಗೆ ಬೇಕಾದ ಮೈಸೂರನ್ನು ಬರೆಸಿಕೊಂಡರು. ಅದು ಅವರ ಅಗತ್ಯ, ಅವರ ದುಡ್ಡು. ಅದೇ ಮೈಸೂರನ್ನು ಇಂದು ನಮ್ಮ ದುಡ್ಡಿನಲ್ಲಿ, ನಮ್ಮ ಕಲಾವಿದರ ಕೈಯಲ್ಲಿ, ಹೆಸರು ಅಳಿಸಿ ನಾವೇ ಬರೆಸಿಕೊಳ್ಳಬೇಕಾದ ಅಗತ್ಯವಿಲ್ಲ. ಮುಂದಿನ ಸಲ ಅಂಥದೊಂದು ಕ್ಯಾನ್ವಾಸಿಗೆ ಮುಂಗಡ ಕೊಡುವ ಮುನ್ನ ಕೇಳಿ: ಇದನ್ನು ಮೊದಲು ಬರೆಸಿದವರು ಯಾರು, ಯಾಕೆ? ಉತ್ತರ ಸಿಕ್ಕರೆ ಚಿತ್ರದ ಕೆಳಗೆ ಬರೆಸಿ. ಸಿಗದಿದ್ದರೆ ಆ ಚಿತ್ರ ಬೇಡ.